ಒಂದು ಮೀನಿಗಾಗಿ ಬಸ್ಸು ಹತ್ತಿದವರು

ಹೋದ ತಿಂಗಳು ನಮ್ಮ ಶಾಲೆಯ ಕನ್ನಡ ಮೇಡಂ ಮಗಳ ಮದುವೆಯ ಲಗ್ನಪತ್ರಿಕೆ ಹಂಚಿದರು. ದಪ್ಪ ಕಾಗದ, ನಾಲ್ಕು ಮೂಲೆಗೂ ಅರಿಶಿನ. ಉಳಿದವರು ಛತ್ರ ಎಲ್ಲಿ, ಊಟ ಎಷ್ಟು ಹೊತ್ತಿಗೆ ಎಂದು ಓದುತ್ತಿದ್ದರೆ ನಾನು ಅದನ್ನು ಮೂಗಿನ ಹತ್ತಿರ ಹಿಡಿದುಕೊಂಡು ಕೂತಿದ್ದೆ. ಅರಿಶಿನ, ಹೊಸ ಕಾಗದ, ಸ್ವಲ್ಪ ಅಂಟು... ಈ ವಾಸನೆ ಬಂದರೆ ನನಗೆ ನೆನಪಾಗುವುದು ಸ್ಪ್ಯಾನಿಷ್ ಭಾಷೆ. ಕೊರಟಗೆರೆಯ ಸ್ಟಾಫ್ ರೂಮಿನಲ್ಲಿ ಹೀಗೆಂದರೆ ತಲೆ ಕೆಟ್ಟಿದೆ ಅಂದಾರು ಎಂದು ಸುಮ್ಮನಿದ್ದೆ.

ಬಿ.ಎ. ಮುಗಿಸಿ, ಬಿ.ಎಡ್. ಸೀಟು ಸಿಗದೆ ಇದ್ದ ನಾಲ್ಕು ವರ್ಷ ನಾನು ಮಧುಗಿರಿಯಲ್ಲಿ ಒಂದು ಸಂಸ್ಥೆಯ ಕಚೇರಿಯಲ್ಲಿ ಕೆಲಸ ಮಾಡಿದೆ. ಸ್ಪೇನ್ ದೇಶದ ಕೆಲವು ಕುಟುಂಬಗಳು ನಮ್ಮ ಕಡೆಯ ಹಳ್ಳಿ ಮಕ್ಕಳ ಓದಿಗೆ ನೆರವು ಕಳಿಸುತ್ತಿದ್ದವು. ಮಕ್ಕಳು ವರ್ಷಕ್ಕೆರಡು ಸಲ ಅವರಿಗೆ ಕಾಗದ ಬರೆಯಬೇಕು. ಮಗು ಕನ್ನಡದಲ್ಲಿ ಬರೆದದ್ದನ್ನು ನಾನು ಇಂಗ್ಲಿಷಿಗೆ ಮಾಡುತ್ತಿದ್ದೆ. ಕನ್ನಡದ ಹಾಳೆ ಮುಖ್ಯ ಕಚೇರಿಯ ಫೈಲಿಗೆ ಹೋಗಿಬಿಡುತ್ತಿತ್ತು. ನನ್ನ ಇಂಗ್ಲಿಷನ್ನು ಮುಂದಿಟ್ಟುಕೊಂಡು ಸ್ಪ್ಯಾನಿಷಿಗೆ ಮಾಡುತ್ತಿದ್ದವರು ಅದೇ ಕಚೇರಿಯ ಒಬ್ಬ ಹಿರಿಯರು. ಅವರನ್ನು ನಾವೆಲ್ಲ ಕಾಂಪೌಂಡರ್ ಸಾರ್ ಎನ್ನುತ್ತಿದ್ದೆವು.

ಪಾವಗಡದವರು. ಆಂಧ್ರದ ಗಡಿಯಾಚೆ ಒಂದು ಮಿಷನ್ ಆಸ್ಪತ್ರೆಯಲ್ಲಿ ಬಹಳ ವರ್ಷ ಕಾಂಪೌಂಡರ್ ಆಗಿದ್ದರಂತೆ. ಅಲ್ಲಿದ್ದ ಸ್ಪೇನಿನ ಸಿಸ್ಟರುಗಳ ಜೊತೆ ಮಾತಾಡಿ, ಅವರಿಂದ ಬೈಸಿಕೊಂಡು ಕಲಿತ ಭಾಷೆ. ಪಾಸಾಗಿದ್ದು ಎಸ್ಸೆಸ್ಸೆಲ್ಸಿ. ನಾಲ್ಕು ತಾಲ್ಲೂಕಿನಲ್ಲಿ ಹುಡುಕಿದರೂ ಸ್ಪ್ಯಾನಿಷ್ ಬರುವ ಇನ್ನೊಬ್ಬರು ಸಿಗುತ್ತಿರಲಿಲ್ಲವಾದ್ದರಿಂದ ಯಾರೂ ಸರ್ಟಿಫಿಕೇಟು ಕೇಳಿರಲಿಲ್ಲ.

ಅವರ ಮೇಜಿನ ಮೇಲೆ ಡಿಕ್ಷನರಿಗಿಂತ ಹತ್ತಿರದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇರುತ್ತಿತ್ತು. ಕಚೇರಿಗೆ, ಮನೆಗೆ, ಎದುರಿನ ಬೇಕರಿಗೆ ಬಂದ ಲಗ್ನಪತ್ರಿಕೆಗಳನ್ನೆಲ್ಲ ಕೇಳಿ ಇಸಿದುಕೊಂಡು, ಖಾಲಿ ಹಿಂಬದಿಯನ್ನು ಇಸ್ಪೀಟಿನ ಎಲೆಯಷ್ಟು ಕತ್ತರಿಸಿ ಡಬ್ಬಿಗೆ ತುಂಬುತ್ತಿದ್ದರು. ಒಂದು ಇಂಗ್ಲಿಷ್ ಪದಕ್ಕೆ ಎಷ್ಟು ಅರ್ಥವೋ ಅಷ್ಟು ಚೀಟಿ. ಪ್ರತಿ ಚೀಟಿಯಲ್ಲೂ ಸೊಟ್ಟಗೆ ಒಂದು ಚಿತ್ರ, ಕೆಳಗೆ ಕನ್ನಡ ಅಕ್ಷರದಲ್ಲಿ ಸ್ಪ್ಯಾನಿಷ್ ಪದ. 'ಕಾರ್ನರ್' ಎಂದರೆ ರಸ್ತೆಯ ಮೂಲೆಗೆ 'ಎಸ್ಕೀನಾ', ಮನೆಯೊಳಗೆ ಪೊರಕೆ ಇಡುವ ಮೂಲೆಗೆ 'ರಿಂಕೋನ್'. 'ಲೆಗ್' ಎಂದರೆ ಮನುಷ್ಯರ ಕಾಲಿಗೆ 'ಪಿಯೆರ್ನಾ', ಕುರಿಯ ಕಾಲಿಗೂ ಮೇಜಿನ ಕಾಲಿಗೂ 'ಪಾತಾ'. 'ಪ್ಲೇ' ಎಂದರೆ ಕಬಡ್ಡಿ ಆಡುವುದಕ್ಕೆ ಒಂದು, ತಮಟೆ ಬಾರಿಸುವುದಕ್ಕೆ ಇನ್ನೊಂದು.

"ನೋಡಮ್ಮಾ, ನಾವು ಎರಡು ಮಾತು ಮಡಿಕ್ಕಂಡಿದೀವಿ, ಅವ್ರೂ ಎರಡು ಮಾತು ಮಡಿಕ್ಕಂಡವ್ರೆ. ಮಧ್ಯದಾಗೆ ಇಂಗ್ಲಿಷ್ನೋರು ಬಂದು ಎರಡನ್ನೂ ಒಂದೇ ಮೂಟೆಗೆ ಕಟ್ಬುಟ್ಟವ್ರೆ. ಬಿಚ್ಚೋದು ನನ್ ಕರ್ಮ," ಎನ್ನುತ್ತಿದ್ದರು.

ಮೂಟೆ ಕಟ್ಟುತ್ತಿದ್ದವಳು ನಾನೇ. ಅದನ್ನು ಮಾತ್ರ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಒಂದು ಸಲ ಹುಲಿಕುಂಟೆ ಕಡೆಯ ಹುಡುಗಿಯೊಬ್ಬಳು ಕೆರೆ ತುಂಬಿದೆ, ಈ ಸಲ ಮೀನು ಬಂದಿದೆ ಎಂದು ಬರೆದಿದ್ದಳು. ನಾನು 'ಫಿಶ್' ಎಂದು ಹಾಕಿ ಕೈ ತೊಳೆದುಕೊಂಡೆ. ಸ್ಪ್ಯಾನಿಷಿನಲ್ಲಿ ನೀರಲ್ಲಿ ಈಜುವ ಮೀನಿಗೆ ಒಂದು ಹೆಸರು, ಹಿಡಿದು ಬುಟ್ಟಿಗೆ ಹಾಕಿದ ಮೇಲೆ ಬೇರೆ ಹೆಸರು. ಯಾವುದು ಎಂದು ಕೇಳಿಕೊಂಡು ಬರಲು ಅವರು ಬೆಳಿಗ್ಗೆಯ ಬಸ್ಸಿಗೆ ಹೊರಟೇಬಿಟ್ಟರು. ಒಂದು ಮೀನಿಗೆ ಒಂದು ದಿನ ಹಾಳು ಎಂದು ನಮ್ಮ ಇನ್‌ಚಾರ್ಜು ಸಾಹೇಬರು ತಲೆ ಚಚ್ಚಿಕೊಂಡರು. ಸಂಜೆ ವಾಪಸು ಬಂದ ಸಾರ್ ಮುಖದಲ್ಲಿ ಗೆದ್ದ ಕಳೆ. "ಬೆಳಿಗ್ಗೆ ಕೆರೇಲಿತ್ತಂತೆ, ಮಧ್ಯಾಹ್ನಕ್ಕೆ ಸಾರಾಯ್ತಂತೆ. ಎರಡೂ ಹಾಕಣ," ಎಂದು ಎರಡೂ ಪದ ಹಾಕಿದರು. ಡಿಕ್ಷನರಿ ಯಾಕೆ ಸಾಲದು ಎಂದು ನಾನು ಕೇಳಿದ್ದಕ್ಕೆ, ಡಿಕ್ಷನರೀಲಿ ಎಲ್ಲಾರ ಅರ್ಥನೂ ಇರ್ತೈತೆ, ಈ ಮಗೀನ ಅರ್ಥ ಇರಾಕಿಲ್ಲ ಎಂದರು.

ಇದಕ್ಕಿಂತ ದೊಡ್ಡ ತಲೆನೋವು ಅವರ ಇನ್ನೊಂದು ಪದ್ಧತಿ. ಅದಕ್ಕೆ ಅವರಿಟ್ಟ ಹೆಸರು 'ಓದಿ ಒಪ್ಪಿಸೋದು'. ಸ್ಪ್ಯಾನಿಷ್ ಹಾಳೆ ಸಿದ್ಧವಾದ ಮೇಲೆ ಅದನ್ನು ಮಗುವಿನ ಮುಂದೆ ಹಿಡಿದು, ಅಲ್ಲಿಂದಲೇ ನೇರ ಕನ್ನಡದಲ್ಲಿ ಹೇಳುವುದು. ಮಗು ಕೇಳಿ "ಹೂಂ, ನಂದೇ" ಎನ್ನಬೇಕು. ಆಮೇಲೆಯೇ ಕವರಿಗೆ ಅಂಟು. ಮಕ್ಕಳಿಗೆ ಇದು ಎಷ್ಟು ಅಭ್ಯಾಸವಾಗಿತ್ತೆಂದರೆ, ಮೊದಲು ಏನೋ ಒಂದು ಗೀಚಿ ಕೊಟ್ಟು, ಹೇಳಬೇಕಾದದ್ದನ್ನು ಸಾರ್ ಬಂದಾಗ ಹೇಳುತ್ತಿದ್ದರು. ಹಾಲಿಗೆ ಹೆಪ್ಪು ಹಾಕಿ ಮೊಸರಿಗೆ ಕಾದ ಹಾಗೆ ಕಾಗದ ಕೊಟ್ಟು ಅವರಿಗಾಗಿ ಕಾಯುತ್ತಿದ್ದರು.

ಹೀಗಿರುವಾಗ ಒಂದು ವರ್ಷ ಸಾರ್‌ಗೆ ಮಂಡಿನೋವು. ಹುಲಿಕುಂಟೆ ಹೋಬಳಿಯ ಒಂದು ಶಾಲೆಯ ಹನ್ನೊಂದು ಕಾಗದ ಬಾಕಿ ಇದ್ದವು. ಅವರು ಹಾಳೆ ನೋಡಿ ಕನ್ನಡದಲ್ಲಿ ಹೇಳಿದ್ದನ್ನು ನಾನು ಬರೆದುಕೊಂಡು, ಓದಿ ಒಪ್ಪಿಸಲು ಹೋದೆ. ಹತ್ತು ಮಕ್ಕಳು ಸಿಕ್ಕರು. ಏಳನೇ ಕ್ಲಾಸಿನ ಒಬ್ಬ ಹುಡುಗಿ ಇರಲಿಲ್ಲ. ನಾಲ್ಕು ದಿನದಿಂದ ಬಂದಿಲ್ಲ ಎಂದರು ಮೇಷ್ಟ್ರು. ಅವಳ ಮನೆ ಶಾಲೆಯಿಂದ ಒಂದು ಮೈಲಿ, ಕುರಿಹಟ್ಟಿಯ ಕಡೆ. ಮೂರೂವರೆಗೆ ಬಸ್ಸು, ಅದು ತಪ್ಪಿದರೆ ಕತ್ತಲಾಗುತ್ತದೆ. ಅವಳ ಕಾಗದ ನನಗೆ ಬಾಯಿಪಾಠವಾಗಿತ್ತು. ಅಮ್ಮ ಚೆನ್ನಾಗಿದ್ದಾಳೆ, ನೀವು ನಮ್ಮೂರಿಗೆ ಬಂದರೆ ಮುದ್ದೆಯನ್ನು ಅಗಿಯದೆ ನುಂಗುವುದು ಹೇಗೆ ಅಂತ ಅಮ್ಮ ಕಲಿಸಿಕೊಡುತ್ತಾಳೆ... ಇದರಲ್ಲಿ ತಪ್ಪಾಗಲು ಏನಿದೆ ಎಂದುಕೊಂಡೆ. ಪಟ್ಟಿಯಲ್ಲಿ ಹನ್ನೊಂದನೆಯ ಟಿಕ್ ಹಾಕಿ, ಕವರಿಗೆ ಅಂಟು ಹಚ್ಚಿ, ಬಸ್ಸು ಹತ್ತಿದೆ.

ಮೂರು ತಿಂಗಳಿಗೆ ಉತ್ತರ ಬಂತು. ಬರೆದವರು ಅಲ್ಲಿಯ ಒಬ್ಬ ವಯಸ್ಸಾದ ಹೆಂಗಸು. ಆ ಹುಡುಗಿ ಅವರನ್ನು ಸ್ಪೇನ್ ಅಜ್ಜಿ ಎನ್ನುತ್ತಿದ್ದಳು. ಹುಡುಗಿಗೆ ನಾಲ್ಕು ಸಾಲು, ಉಳಿದ ಎರಡು ಪುಟ ಅಮ್ಮನಿಗೆ. ಮುದ್ದೆ ನುಂಗಲು ಈಗಿನಿಂದಲೇ ಅಭ್ಯಾಸ ಮಾಡುತ್ತಿದ್ದೇನೆ ಎಂದು ತಮಾಷೆ, ಜೊತೆಗೆ ಅಮ್ಮನಿಗೆಂದು ಕೈಯಲ್ಲೇ ಹೆಣೆದ ನೀಲಿ ಉಣ್ಣೆಯ ಶಾಲು. ಸಾರ್‌ಗೆ ಖುಷಿಯೋ ಖುಷಿ. ಮಂಡಿನೋವು ಮರೆತು ಹೊರಟರು, ನನ್ನನ್ನೂ ಕರೆದುಕೊಂಡರು.

ಮನೆಯ ಮುಂದೆ ಹುಡುಗಿಯ ಅಜ್ಜಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಸಾರ್ ಶಾಲು ಮುಂದೆ ಹಿಡಿದು ಇದು ಮಗೀನ ಅಮ್ಮನಿಗೆ ಎಂದರು. ಅಜ್ಜಿ ಕೈ ನಿಲ್ಲಿಸಿದಳು.

"ಯಾರಿಗಪ್ಪಾ? ಅವಳು ಹೋಗಿ ಮೂರು ತಿಂಗ್ಳಾಯ್ತಲ್ಲ. ಜ್ವರ ಬಂದು ಎಂಟು ದಿನ ಮಲಗಿದ್ಲು, ಅಷ್ಟೇಯ."

ಹುಡುಗಿ ಒಳಗಿಂದ ಬಂದಳು. ನಾನು ಸಾರ್ ಕಿವಿಯ ಹತ್ತಿರ ಹೋಗಿ, ಅಮ್ಮನ ಭಾಗ ಬಿಟ್ಟು ಓದಿ ಎಂದೆ. ಅವರು ನನ್ನ ಕಡೆ ತಿರುಗಲಿಲ್ಲ. ಜಗುಲಿಯ ಮೇಲೆ ಕೂತು ಹುಡುಗಿಯನ್ನೇ ಕೇಳಿದರು. "ತಾಯೀ, ನಿಮ್ಮಮ್ಮನಿಗೆ ಕಾಗದ ಬಂದೈತೆ. ಓದ್ಲಾ, ಬ್ಯಾಡ್ವಾ?"

ಓದಿ ಎಂದಳು. ಅವರು ಒಂದಕ್ಷರ ಬಿಡದೆ ಓದಿದರು, ಮುದ್ದೆಯ ತಮಾಷೆಯನ್ನೂ ಸೇರಿಸಿ. ಮುಗಿದ ಮೇಲೆ ಅವಳು ಶಾಲನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

"ಆ ವಾರವೆಲ್ಲ ಕಾಯ್ತಿದ್ದೆ ಸಾರ್. ನೀವು ಓದಾಕೆ ಬತ್ತೀರಲ್ಲ, ಅವಾಗ ಅಮ್ಮಂದು ಹೇಳಿ, ಆ ಸಾಲು ಹೊಡೆದಾಕ್ಸಾಣ ಅಂತ."

ಸಾರ್ ನನ್ನನ್ನು ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು. "ತಪ್ಪು ನಂದೇ ತಾಯಿ. ಈಗ ಬರೆಯೋಣ, ಅವರಿಗೆ ತಿಳಿಸೋಣ," ಎಂದರು. ಹುಡುಗಿ ಬೇಡ ಎಂದು ತಲೆಯಾಡಿಸಿದಳು.

"ಅಲ್ಲಿಗೆ ಹೇಳ್ಬೇಡಿ ಸಾರ್. ಅಲ್ಲಾದ್ರೂ ಇರ್ಲಿ ಅಮ್ಮ."

ಇಲ್ಲದ್ದನ್ನು ಬರೆಯಬಾರದು ಎಂಬುದು ಸಾರ್ ನಿಯಮ, ಮಗುವಿನ ಮಾತನ್ನು ಬದಲಾಯಿಸಬಾರದು ಎಂಬುದೂ ಅವರದೇ ನಿಯಮ. ಕೊನೆಗೆ ಪೆನ್ನು ತೆಗೆದು, ನೀನು ಹೇಳಿದ್ದು ಬರೀತೀನಿ, ನೀನು ಹೇಳ್ದೆ ಇರೋದು ಸೇರ್ಸಾಕಿಲ್ಲ ಎಂದರು. ಅವಳು ಹೇಳಿದಳು, ಅವರು ಬರೆದುಕೊಂಡರು. ಎರಡು ಕುರಿ ಮರಿ ಹಾಕಿವೆ. ನೀಲಿ ಬಣ್ಣ ಅಮ್ಮನಿಗೆ ಇಷ್ಟ.

ವಾಪಸು ಬರುವಾಗ ಬಸ್ಸು ಶಿರಾ ದಾಟಿತ್ತು. ಸಾರ್ ಕಿಟಕಿಯ ಕಡೆ ನೋಡುತ್ತಾ, "ನಿನ್ ಟಿಕ್ ನೋಡ್ದೆ, ನಂಬ್ದೆ ಕಣಮ್ಮ. ಹೋಗಿದ್ಯಾ ಅಂತ ಒಂದು ಮಾತು ಕೇಳ್ಬೇಕಿತ್ತು, ಕೇಳ್ಲಿಲ್ಲ. ಅದು ನನ್ ತಪ್ಪು," ಎಂದರು. ಅವರು ಬಾಯಿಗೆ ಬಂದಂತೆ ಬೈದಿದ್ದರೆ ನಾನೂ ಎದುರು ಮಾತಾಡಿ, ಅತ್ತು ಹಗುರಾಗುತ್ತಿದ್ದೆ. ಹಾಗಾಗಲಿಲ್ಲ. ನಾನು ಹೋಗಲಿಲ್ಲ ಸಾರ್ ಎನ್ನುವ ಮೂರು ಪದ ಕೂಡ ನನ್ನ ಬಾಯಿಂದ ಹೊರಡಲಿಲ್ಲ.

ಮುಂದೆ ಒಂದೂವರೆ ವರ್ಷ ಆ ಹುಡುಗಿಯ ಕಾಗದಕ್ಕೆ ಅವರೇ ಹೋದರು, ಜೊತೆಗೆ ನಾನೂ. ಆ ಕಾಗದಗಳಲ್ಲಿ ಅಮ್ಮ ರಾಗಿ ಬೀಸಿದಳು, ಹಬ್ಬಕ್ಕೆ ಒಬ್ಬಟ್ಟು ತಟ್ಟಿದಳು. ಪ್ರತಿ ಸಲ ಓದಿ ಮುಗಿಸಿ ಅವರು ಕೇಳುತ್ತಿದ್ದರು. "ಏನಾರ ಬದ್ಲಾಯಿಸ್ಬೇಕಾ ತಾಯಿ?" ಇಲ್ಲ ಸಾರ್, ನಂದೇ ಎನ್ನುತ್ತಿದ್ದಳು. ಇದು ಸುಳ್ಳಲ್ವಾ ಸಾರ್ ಎಂದು ಒಮ್ಮೆ ನಾನೇ ಕೇಳಿದೆ, ಕೇಳುವ ಯೋಗ್ಯತೆ ನನಗೆಲ್ಲಿತ್ತೋ.

"ಸುಳ್ಳೇಯ. ಗಾಯ ಅವಳ್ದು, ನಾನು ಪಟ್ಟಿ ಕಟ್ಟೋನು. ಯಾವಾಗ ಬಿಚ್ಬೇಕು ಅಂತ ಅವಳೇ ಹೇಳ್ಬೇಕು."

ನಾಲ್ಕನೆಯ ಕಾಗದಕ್ಕೆ ಹೋದಾಗ ಅವಳು ಒಂಬತ್ತನೇ ಕ್ಲಾಸು. ಅದೇ ಪ್ರಶ್ನೆಗೆ, ಹೂಂ ಸಾರ್, ಬದಲಾಯಿಸಬೇಕು ಎಂದಳು. ಸಾರ್ ತಾವು ಬರೆದು ತಂದಿದ್ದ ಹಾಳೆಯನ್ನು ಹರಿದು, ಖಾಲಿ ಹಾಳೆಯನ್ನೂ ತಮ್ಮ ಪೆನ್ನನ್ನೂ ಅವಳ ಕೈಗೆ ಕೊಟ್ಟರು. ಐದು ಸಾಲು ಬರೆದಳು. ಅಲ್ಲೇ ಕೂತು ಸ್ಪ್ಯಾನಿಷಿಗೆ ಮಾಡಿ, ಓದಿ ಒಪ್ಪಿಸಿದರು. ಸ್ಪೇನಿನಿಂದ ಬಂದ ಉತ್ತರ ಚಿಕ್ಕದು. ಯಾಕೆ ಮುಚ್ಚಿಟ್ಟೆ ಎಂದು ಅಜ್ಜಿ ಕೇಳಿರಲಿಲ್ಲ. ಅಮ್ಮನ ಹೆಸರು ಕೇಳಿದ್ದರು, ಅವರ ಊರಿನ ಚರ್ಚಿನಲ್ಲಿ ಒಂದು ಮೇಣದ ಬತ್ತಿ ಹಚ್ಚಲಿಕ್ಕೆ.

ಆಮೇಲೆ ನನಗೆ ಬಿ.ಎಡ್. ಸೀಟು ಸಿಕ್ಕಿತು, ಹೊರಟೆ. ಎರಡು ವರ್ಷದಲ್ಲಿ ಅನುವಾದವೆಲ್ಲ ಕಂಪ್ಯೂಟರಿಗೆ ಹೋಯಿತು, ಸಾರ್ ಪಾವಗಡಕ್ಕೆ ಹೋದರು. ಯುಗಾದಿಗೆ ಒಂದು ಫೋನು ಮಾಡುತ್ತಿದ್ದೆ, ಬರಬರುತ್ತಾ ಅದೂ ನಿಂತಿತು. ಪಾವಗಡವೇನು ದೂರವಲ್ಲ, ಒಂದು ಭಾನುವಾರ ಹೋಗಿ ಆ ಮೂರು ಪದ ಹೇಳಿಬಿಡಬೇಕು ಎಂದು ಪ್ರತಿ ವರ್ಷ ಅಂದುಕೊಂಡೆ. ಭಾನುವಾರಗಳಿಗೇನು ಬರ.

ಆ ಹುಡುಗಿ ಈಗ ಶಿರಾದಲ್ಲಿ ನರ್ಸ್. ಹಬ್ಬ ಹರಿದಿನಕ್ಕೆ ತಪ್ಪದೆ ನನಗೆ ಫೋನು ಮಾಡುತ್ತಾಳೆ. ಅಕ್ಕಾ, ಸಾರ್ ಹೆಂಗವ್ರೆ ಎಂದು ಕೇಳುತ್ತಾಳೆ. ಚೆನ್ನಾಗಿದ್ದಾರೆ ಕಣೇ ಎನ್ನುತ್ತೇನೆ.

ಲಗ್ನಪತ್ರಿಕೆ ಬಂದ ಆ ದಿನ ಸಂಜೆ ಹಳೇ ನಂಬರು ಹುಡುಕಿ ಫೋನು ಮಾಡಿದೆ. ಎತ್ತಿದವರು ಅವರ ಮಗಳು. ನಾನು ಯಾರೆಂದು ಹೇಳಿ, ಸಾರ್‌ಗೆ ಕೊಡಮ್ಮ ಎಂದೆ.

"ಅಪ್ಪ ಹೋಗಿ ಮೂರು ವರ್ಷ ಆಯ್ತಲ್ಲ ಮೇಡಂ. ನಿಮಗೆ ಯಾರೂ ಹೇಳ್ಲಿಲ್ವಾ?"

ಯಾರು ಹೇಳಬೇಕಿತ್ತು, ಕೇಳಬೇಕಾದವಳು ನಾನು. ಏನಾದರೂ ಹೇಳಬೇಕಿತ್ತಾ ಎಂದು ಅವಳೇ ಕೇಳಿದಳು. ಏನಿಲ್ಲಮ್ಮ ಎಂದು ಫೋನು ಇಟ್ಟೆ. ಮೂರು ವರ್ಷದಲ್ಲಿ ಎಷ್ಟು ಸಲ ಚೆನ್ನಾಗಿದ್ದಾರೆ ಎಂದಿದ್ದೇನೆ ಎಂದು ಲೆಕ್ಕ ಹಾಕಲು ಹೋಗಿ, ಅರ್ಧಕ್ಕೆ ಬಿಟ್ಟೆ.

ಭಾನುವಾರ ಶಿರಾ ಬಸ್ಸು ಹತ್ತಿದೆ. ಆ ಹುಡುಗಿ ಡ್ಯೂಟಿ ಮುಗಿಸಿ ಆಗತಾನೇ ಮನೆಗೆ ಬಂದಿದ್ದಳು. ಸಾರ್ ಹೋಗಿ ಮೂರು ವರ್ಷವಾಯಿತಂತೆ ಎಂದು ನಿಂತಲ್ಲೇ ಹೇಳಿದೆ. ಅವಳು ಬಾಗಿಲು ಹಿಡಿದುಕೊಂಡಳು.

"ದೀಪಾವಳೀಲಿ ಕೇಳ್ದಾಗ ಚೆನ್ನಾಗವ್ರೆ ಅಂದ್ರಲ್ಲಕ್ಕಾ?"

"ಅಂದಿದ್ದೆ. ಹೋಗಿ ನೋಡಿರಲಿಲ್ಲ," ಎಂದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. ಅವತ್ತು ಮೂರೂವರೆ ಬಸ್ಸಿಗಾಗಿ ನಿಮ್ಮ ಮನೆಗೆ ಬರಲಿಲ್ಲ, ಸಾರ್ ಅದನ್ನು ತಮ್ಮ ಮೇಲೆ ಹಾಕಿಕೊಂಡರು ಎಂದು.

"ಗೊತ್ತು ಅಕ್ಕಾ," ಎಂದಳು. "ಅವತ್ತು ನೀವು ಸ್ಕೂಲಿಂದ್ಲೇ ಬಸ್ ಹತ್ತಿದ್ದು ನೋಡ್ದೋರು ಊರಾಗೆ ಹೇಳಿದ್ರು. ಒಂದಿನ ನೀವೇ ಹೇಳ್ತೀರ ಅಂತ ಸಾರ್ ಅಂದಿದ್ರು. ಕೇಳಾಕೆ ಹೋಗ್ಬೇಡ ಅಂದಿದ್ರು."

ಕಾಫಿ ಮಾಡಲು ಒಳಗೆ ಹೋದಳು. ನಾನು ಕುರ್ಚಿಯಲ್ಲಿ ಕೂತೆ. ಎಲ್ಲರನ್ನೂ ಕೇಳಿ ಕೇಳಿ ತಿಳಿದುಕೊಳ್ಳುತ್ತಿದ್ದ ಮನುಷ್ಯ, ನನ್ನೊಬ್ಬಳನ್ನು ಮಾತ್ರ ಕೇಳದೆ ಕಾದರು. ಅವರು ಕಾದಷ್ಟು ದಿನ ನಾನು ಹೋಗಲಿಲ್ಲ.