ಪೂವಮ್ಮನ ಘಾಟು

ಬೆಳಕು ಹರಿಯುವ ಹೊತ್ತಿಗೆ ನಾರಾವಿಯ ಈ ಮನೆಯ ಹಿತ್ತಿಲಿಗೆ ಹೋಗುವವರು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಹೋಗಬೇಕು. ಗೊತ್ತಿಲ್ಲದೆ ಹೋದ ನಾನು ಸೀನಿ ಸೀನಿ ಸುಸ್ತಾಗಿದ್ದೇನೆ. ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಮಡಕೆ ಕುದಿಯುತ್ತಿದೆ. ಅದರೊಳಗೆ ಜಜ್ಜಿದ ಬೆಳ್ಳುಳ್ಳಿ, ಗಾಂಧಾರಿ ಮೆಣಸು, ಬೇವಿನ ಸೊಪ್ಪು, ಲಕ್ಕಿ ಎಂದೂ ಕರೆಯುವ ನೆಕ್ಕಿ ಸೊಪ್ಪು. ಮುಖಕ್ಕೆ ಬೈರಾಸು ಸುತ್ತಿಕೊಂಡ ಪೂವಮ್ಮ ಉದ್ದದ ಕೋಲಿನಿಂದ ಮಗುಚುತ್ತಾ ನನ್ನ ಪಾಡು ನೋಡಿ ನಗುತ್ತಿದ್ದಾರೆ.

“ನಿಮಗೇ ಇಷ್ಟು ಕಷ್ಟ ಆಗ್ತದಲ್ಲ ಮಾರಾಯ್ರೆ, ಇನ್ನು ಹುಳಕ್ಕೆ ಹೇಗಾಗ್ಬೇಡ?”

ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಹಲವು ಮನೆಗಳ ಕೈತೋಟಕ್ಕೆ, ಅಂಗಳದ ಹುಲ್ಲುಹಾಸಿಗೆ ಹುಳ ಓಡಿಸುವ ನೀರು ಹೋಗುವುದು ಈ ಮಡಕೆಯಿಂದ. ದಿನಕ್ಕೆ ಒಂದೇ ಮಡಕೆ, ಡಜನಿನಷ್ಟು ಬಾಟಲಿ. ಹೆಚ್ಚು ಮಾಡಿಟ್ಟರೆ ಘಾಟು ಇಳಿಯುತ್ತದೆ ಎಂದು ಅವರು ಮಾಡುವುದೂ ಇಲ್ಲ. ಆರಿಸಿ, ಬಟ್ಟೆಯಲ್ಲಿ ಸೋಸಿ, ಎಲೆಗೆ ಅಂಟಿಕೊಳ್ಳಲೆಂದು ಅಂಟುವಾಳದ ನೊರೆ ಸೇರಿಸಿದರೆ ಕೆಲಸ ಮುಗಿಯಿತು. ಸಿಂಪಡಿಸುವುದು ಮಾತ್ರ ಜೇನುನೊಣಗಳು ಗೂಡು ಸೇರಿದ ಮೇಲೆ, ಸಂಜೆಗೇ. ಮಳೆ ಬಂದು ತೊಳೆದರೆ ಮತ್ತೊಮ್ಮೆ.

ಇದೆಲ್ಲ ಶುರುವಾದದ್ದು ಅಂಗಡಿಯ ಕೀಟನಾಶಕದಿಂದ. ಬೆಂಡೆ ಸಾಲಿಗೆ ಅದನ್ನು ಬಿಟ್ಟ ದಿನ ಪೂವಮ್ಮನ ಕೈಯೆಲ್ಲ ಬೊಬ್ಬೆ ಎದ್ದಿತು, ವಾಂತಿ ನಿಲ್ಲಲಿಲ್ಲ. ಗುಣವಾಗಿ ಬಂದವರು ಉಳಿದ ಡಬ್ಬಿಯನ್ನು ಅಂಗಡಿಗೇ ಹಿಂದೆ ಕೊಟ್ಟು, ಅಡುಗೆಮನೆಯ ಬೆಳ್ಳುಳ್ಳಿ ಜಜ್ಜಲು ಕೂತರು. ಗಂಡ ಕುಶಾಲಪ್ಪ ಆ ಕಾಲವನ್ನು ಇನ್ನೂ ಮರೆತಿಲ್ಲ. “ಮೊದಲ ವರ್ಷ ಹುಳಕ್ಕೆ ಎಂತದೂ ಆಗ್ಲಿಲ್ಲ. ಮೆಣಸು ಜಾಸ್ತಿಯಾಗಿ ಅಲಸಂಡೆ ಗಿಡವೇ ಕರಟಿ ಹೋಯ್ತು!” ಪೂವಮ್ಮ ತಕ್ಷಣ ತಿರುಗಿ, “ಆಮೇಲಿನ ವರ್ಷ ಅಲಸಂಡೆ ಪಲ್ಯ ತಿಂದದ್ದು ಯಾರು?” ಎನ್ನುತ್ತಾರೆ. ಕುಶಾಲಪ್ಪ ಒಲೆಗೆ ಸೌದೆ ತುರುಕುತ್ತಾರೆ.

ಈ ನೀರಿಗೆ ಅವರು ಮೊದಲು ಇಟ್ಟ ಹೆಸರು ಕಷಾಯ. ಕುದಿಸಿ ಇಳಿಸಿದ್ದಕ್ಕೆ ಮತ್ತೇನು ಹೇಳುವುದು? ಆದರೆ ನಮ್ಮ ಕಡೆ ಕಷಾಯ ಎಂದರೆ ಹಾಲು, ಬೆಲ್ಲ ಹಾಕಿ ಕುಡಿಯುವಂಥದ್ದು. ಕಳೆದ ಮಳೆಗಾಲಕ್ಕೆ ಮುಂಚೆ ಬಂಟ್ವಾಳದ ಮನೋರಮಾ ಹರಿವೆ ಸೊಪ್ಪಿಗೆಂದು ಒಯ್ದ ಬಾಟಲಿಯನ್ನು ಅಡುಗೆಮನೆಯಲ್ಲಿಟ್ಟರು. ಅವರ ಮಾವ, ನಿವೃತ್ತ ಶಿಕ್ಷಕ ಬಾಲಸುಬ್ರಹ್ಮಣ್ಯ, ಕೆಮ್ಮಿಗೆ ಒಳ್ಳೆಯದೆಂದು ಒಂದು ಗುಟುಕು ಏರಿಸಿಬಿಟ್ಟರು. ಬಾಯಿ, ಗಂಟಲು ಉರಿದು ಆಸ್ಪತ್ರೆಗೆ ಓಡಬೇಕಾಯಿತು. ಸಂಜೆಗೆ ಮನೆಗೆ ಮರಳಿದರು. ಅಷ್ಟರಲ್ಲಿ ಇಲಿ ಹೋದದ್ದು ಹುಲಿ ಹೋಯಿತು ಎಂದಾಗಿ, ಪೂವಮ್ಮನ ಕಷಾಯ ಕುಡಿದು ಒಬ್ಬರು ತೀರಿಯೇ ಹೋದರೆಂಬ ಸುದ್ದಿ ಬೆಳ್ತಂಗಡಿ ಮುಟ್ಟಿತ್ತು. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವವರಾರು! ಕೊಳ್ಳುವವರೇ ಇಲ್ಲದೆ ಒಲೆ ಆರಿತು.

ಕೆಲವು ವಾರಗಳ ನಂತರ ಬೆಳ್ತಂಗಡಿಯ ಒಂದು ಮಹಿಳಾ ಸಂಘದವರು ಅವರನ್ನು ಕರೆಸಿದರು. ಸಭೆಯಲ್ಲಿ ಯಾರೋ ಒಂದು ಚಮಚ ತಂದು ಮುಂದಿಟ್ಟರು. ಎಲ್ಲರೆದುರು ಸ್ವಲ್ಪ ಕುಡಿದು ತೋರಿಸಿ, ನೈಸರ್ಗಿಕ ತಾನೇ, ಆಮೇಲೆ ನಾವೆಲ್ಲ ತೆಗೆದುಕೊಳ್ಳುತ್ತೇವೆ ಎಂದರು. ಒಂದು ಚಮಚ ನುಂಗಿದ್ದರೆ ಹೋದ ಹೆಸರು ಅಲ್ಲೇ ಮರಳುತ್ತಿತ್ತು. ಪೂವಮ್ಮ ಚಮಚ ಮುಟ್ಟಲಿಲ್ಲ.

“ನಾನು ಕುಡಿದ್ರೆ ನಾಳೆ ಇವರ ಮಕ್ಕಳೂ ಕುಡೀತಾರೆ. ಸೊಪ್ಪಿನದ್ದು ಹೇಳಿ ಎಲ್ಲ ಹೊಟ್ಟೆಗೆ ಆಗುದಿಲ್ಲ. ಏನೂ ಆಗದಿದ್ರೆ ಹುಳ ಯಾಕೆ ಓಡ್ಬೇಕು, ಹೇಳಿ? ‘ಇದು ಕುಡಿಯುವಂಥದ್ದಲ್ಲ’ ಹೇಳಿದೆ, ಬಂದೆ.”

ಮರಳುವಾಗ ಬಸ್ಸಿನಲ್ಲಿ ಅತ್ತದ್ದನ್ನೂ ಅವರು ಮುಚ್ಚಿಡುವುದಿಲ್ಲ. ನನಗೆ ಈ ಹೆಂಗಸಿನ ಮೇಲೆ ಗೌರವ ಹುಟ್ಟಿದ್ದು ಇಲ್ಲೇ. ಕುಡಿದು ತೋರಿಸಿ ಮಾರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮನೆಗೆ ಬಂದವರೇ ಕಷಾಯ ಎಂಬ ಹೆಸರನ್ನು ಬಿಟ್ಟರು. ಮದ್ದು ಎನ್ನಲೂ ಮನಸ್ಸಾಗಲಿಲ್ಲ, ಅದನ್ನೂ ಕುಡಿಯುವವರುಂಟು. ಕೊನೆಗೆ ನಿಂತದ್ದು ‘ಘಾಟು’. ಬಾಟಲಿಗೆ ಕೆಂಪು ಬಣ್ಣ ಬಳಿದು, ‘ಗಿಡಕ್ಕೆ ಮಾತ್ರ’ ಎಂದು ದಪ್ಪಕ್ಷರದಲ್ಲಿ ಬರೆಸಿದರು. ಹಾಗೆ ಬದಲಾದ ಮೊದಲ ಬಾಟಲಿಯನ್ನು ಹೊತ್ತು ಹೋದದ್ದು ಬಂಟ್ವಾಳಕ್ಕೇ.

ಬಾಲಸುಬ್ರಹ್ಮಣ್ಯ ಜಗಲಿಯಲ್ಲೇ ಇದ್ದರು. ಪೂವಮ್ಮ ನೆನೆಯುತ್ತಾರೆ: “ಬೈಯ್ತಾರೆ ಹೇಳಿ ಹೆದರಿದ್ದೆ. ಮಾಸ್ಟ್ರು ಬಾಟ್ಲಿ ತಿರುಗಿಸಿ ಓದಿದ್ರು. ‘ಇದನ್ನು ಮೊದಲೇ ಬರೆದಿದ್ರೆ ನನ್ನ ಗಂಟಲು ಉಳೀತಿತ್ತಲ್ಲ ಪೂವಮ್ಮ’ ಹೇಳಿ ನಗಾಡಿದ್ರು. ಅಷ್ಟೊತ್ತಿಗೆ ಮನೋರಮಕ್ಕ ಒಳಗಿಂದ ಬಂದು ಎರಡು ಬಾಟ್ಲಿ ಕೇಳಿದ್ರು, ಹರಿವೆಗೊಂದು, ಲಾನಿಗೊಂದು.”

ಸಂಜೆ ಲಾನಿನ ಅಂಚಿಗೆ ಸಿಂಪಡಿಸಿದರೆ ಸೊಳ್ಳೆಗಳ ಕಾಟ ಕಡಿಮೆ, ಕುರ್ಚಿ ಹಾಕಿ ಕೂರಬಹುದು ಎಂದು ಬಂದವರಿಗೆಲ್ಲ ಹೇಳುವವರು ಈಗ ಮಾಸ್ಟ್ರೇ. ಆ ಮಾತು ಮೂಡುಬಿದಿರೆ ದಾಟಿ ಪುತ್ತಿಗೆಗೂ ಹೋಗಿದೆ. ಬೆಳ್ತಂಗಡಿಯ ಸಂಘದವರೂ ಫೋನು ಮಾಡಿದ್ದಾರೆ. ಈ ದಿನದ ಮಡಕೆ ಅವರಿಗೇ.

ಮತ್ತೆ ಚಮಚ ತಂದರೇನು ಮಾಡುತ್ತೀರಿ ಎಂದು ಕೇಳುತ್ತೇನೆ. ಪೂವಮ್ಮ ಬೈರಾಸು ಬಿಚ್ಚಿ ಮುಖ ಒರೆಸಿಕೊಳ್ಳುತ್ತಾರೆ.

“ತರುದಿಲ್ಲ. ಕುಡಿದು ತೋರಿಸಿ ಹೇಳಿ ಈಗ ಯಾರೂ ಕೇಳುದಿಲ್ಲ. ಮಕ್ಕಳ ಕೈಗೆ ಸಿಗದ ಹಾಗೆ ಬಾಟ್ಲಿ ಎಲ್ಲಿ ಇಡ್ಬೇಕು ಹೇಳಿ ಕೇಳ್ತಾರೆ.”