ಹೊಳೆ ಬಂದಾಗ ನೀಲಮ್ಮತ್ತಿಯ ಬೆಕ್ಕು

ನೆನೆದ ಮೆಣಸಿನಕಾಯಿ ಚೀಲಕ್ಕೆ ಒಂದು ವಾಸನೆ ಇದೆ. ಅದು ಒಣ ಮೆಣಸಿನಕಾಯಿಯ ಘಾಟಲ್ಲ, ಗಂಟಲಿಗೆ ಹತ್ತುವುದೂ ಇಲ್ಲ. ಹಳೆಯ ಗೋಣಿ, ಬೂಷ್ಟು, ಅದರೊಳಗೆ ಎಲ್ಲೋ ಸಿಹಿಯೇ ಎನ್ನಿಸುವಂಥ ಒಂದು ಕೆಂಪು ವಾಸನೆ. ಬ್ಯಾಡಗಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರಿಗೆ ವಿವರಿಸಿ ಪ್ರಯೋಜನವಿಲ್ಲ. ಈ ಸಲದ ಮಳೆಯಲ್ಲಿ ರಾಣೇಬೆನ್ನೂರಿನ ನಮ್ಮ ಓಣಿಗೆ ಗಟಾರದ ನೀರು ನುಗ್ಗಿದಾಗ ಕೆಳಗಿನ ಖಾರದ ಗಿರಣಿಯವರು ತಮ್ಮ ಚೀಲಗಳನ್ನೆಲ್ಲ ತಂದು ನಮ್ಮ ಮೆಟ್ಟಿಲ ಮೇಲೆ ಪೇರಿಸಿದರು. ನಾನು ಮೇಲಿನ ಮನೆಯಲ್ಲಿ, ಕರೆಂಟಿಲ್ಲದೆ, ಇಳಿಯಲು ದಾರಿಯಿಲ್ಲದೆ, ಎರಡು ಬೆಕ್ಕುಗಳೊಂದಿಗೆ ಸಿಕ್ಕಿಕೊಂಡಿದ್ದೆ. ಹಾವೇರಿಯಿಂದ ಮಗಳು ಫೋನ್ ಮಾಡಿ, “ಮಮ್ಮಿ, ಕ್ಯಾರಿಯರ್ ಬಾಗಲ ಹತ್ರನ ಇಟಗೋ. ಯಾರರೆ ಕರಕೊಂಡ ಹೋಗಾಕ ಬಂದ್ರ ಆವಾಗ ಬೆಕ್ಕ ಹುಡಕಿಕೋತ ಕುಂದರಬ್ಯಾಡ” ಎಂದಳು. ಪ್ರಾಕ್ಟಿಕಲ್ ಗರ್ಲ್, ಅಪ್ಪನ ಹಾಗೆ. ನಾನು ಬೆಕ್ಕು ಒಯ್ಯುವ ಆ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹಳೆಯ ಟವೆಲ್ ಹಾಸಿ ತಂದಿಟ್ಟೆ. ಬೆಕ್ಕುಗಳೆರಡೂ ಅದನ್ನು ಮೂಸಿ ನೋಡಿ, ನೋ ಥ್ಯಾಂಕ್ಯೂ ಎಂದವರಂತೆ ಕಪಾಟಿನ ಮೇಲೆ ಹತ್ತಿ ಕುಳಿತವು. ನೀರು ಎಲ್ಲಿಗೆ ಬಂದಿದೆ ಎಂದು ನೋಡಲು ಬಾಗಿಲು ತೆರೆದೆ. ಆ ವಾಸನೆ ಒಳಗೆ ಬಂತು. ಅದರ ಹಿಂದೆಯೇ ನೀಲಮ್ಮತ್ತಿ ನೆನಪಾಗಿ ಬಂದಳು.

ನೀಲಮ್ಮತ್ತಿ ಎಂದರೆ ನಮ್ಮಪ್ಪನ ತಂಗಿ. ಮೋಟೆಬೆನ್ನೂರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಅಲ್ಲಿಂದ ಐರಣಿಯ ತವರಿಗೆ ಮರಳಿ ಬಂದವಳು ಮತ್ತೆ ಊರು ದಾಟಿರಲಿಲ್ಲ. ಊರೇನು, ಹೊಳೆಗೆ ನೀರು ತರಲು ಹೋದರೂ ಬೆಳಗು ಹರಿಯುವ ಮುಂಚೆ ಹೋಗಿ ಬರುತ್ತಿದ್ದಳು, ಯಾರ ಎದುರಿಗೂ ಬರಬಾರದೆಂದು. ಆಗ ಅವಳಿಗೆ ಮೂವತ್ತೂ ತುಂಬಿರಲಿಕ್ಕಿಲ್ಲ. ಐರಣಿಯ ನಮ್ಮದು ಮಣ್ಣಿನ ಮಾಳಿಗೆಯ, ಅಂದರೆ ಮಟ್ಟಸ ಮಣ್ಣಿನ ಛಾವಣಿಯ ಮನೆ. ದಪ್ಪ ಗೋಡೆ, ಸಣ್ಣ ಕಿಟಕಿ, ನಡುಮನೆಯ ಮೇಲೊಂದು ಬೆಳಕಿಂಡಿ. ಮಧ್ಯಾಹ್ನ ಆ ಕಿಂಡಿಯಿಂದ ಬಿಸಿಲಿನ ಒಂದು ಕೋಲು ನೆಲಕ್ಕಿಳಿಯುತ್ತಿತ್ತು. ಅದು ಸರಿದಂತೆಲ್ಲ ಅತ್ತಿಯ ಬೆಕ್ಕೂ ಸರಿದು ಸರಿದು ಮಲಗುತ್ತಿತ್ತು. ಬೂದಿ ಬಣ್ಣ, ಹಣೆಯಲ್ಲಿ ಬಿಳಿ ಗೆರೆ, ಆದ್ದರಿಂದ ಚಂದ್ರಿ. ಒಂದು ಕಿವಿಯ ತುದಿ ಹರಿದಿತ್ತು. ಮೆಣಸಿನಕಾಯಿ, ಜೋಳ, ಹತ್ತಿಕಾಳು ತುಂಬಿದ ಮನೆಯಲ್ಲಿ ಇಲಿಗಳಿಗೇನು ಬರ? ಅಜ್ಜ ಬೆಕ್ಕನ್ನು ಆಳಿನ ಲೆಕ್ಕಕ್ಕೆ ಹಿಡಿದಿದ್ದ. ಆಯಿ, ಅಂದರೆ ನಮ್ಮ ಅಜ್ಜಿ, ಕಳ್ಳಿಯ ಲೆಕ್ಕಕ್ಕೆ. ಅತ್ತಿ ಮಾತ್ರ ಅದರ ಜೊತೆ ಮಾತಾಡುತ್ತಿದ್ದಳು. ನಮ್ಮ ಯಾರೊಂದಿಗೂ ಆಡದಷ್ಟು ಮಾತು. ನಾನು ಹುಬ್ಬಳ್ಳಿಯ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಓದುತ್ತಿದ್ದೆ. ಹೊಳೆ ಬಂದ ಆ ವರ್ಷ ನನಗೆ ಮೀಸಲ್ಸ್ ಬಂದು, ಬೇರೆ ಮಕ್ಕಳಿಗೆ ಹತ್ತೀತೆಂದು ಸಿಸ್ಟರುಗಳು ನನ್ನನ್ನು ಮನೆಗೆ ಕಳಿಸಿದ್ದರು. ರಾಣೇಬೆನ್ನೂರಿನಲ್ಲಿ ಅಪ್ಪನಿಗೆ ಕಿರಾಣಿ ಅಂಗಡಿ, ಅಮ್ಮನಿಗೆ ಕೈಗೂಸು. ಹಾಗಾಗಿ ಮೈಯೆಲ್ಲ ಬೇವಿನ ಸೊಪ್ಪಿನ ವಾಸನೆ ಹೊತ್ತು ನಾನು ಆಯಿಯ ಮನೆಯಲ್ಲಿದ್ದೆ. ನಾನು ಬಂದ ವಾರದಲ್ಲೇ ಚಂದ್ರಿ ಹತ್ತಿ ತುಂಬುವ ದೊಡ್ಡ ಬುಟ್ಟಿ, ಹೆಡಿಗೆಯಲ್ಲಿ ಮೂರು ಮರಿ ಹಾಕಿತು.

“ಕಣ್ಣ ಬಿಡೂ ಮಟಾ ಮುಟ್ಟಬಾರದ ನೋಡು. ಮನಷ್ಯಾರ ವಾಸ್ನಿ ಹತ್ತಿದ್ರ ತಾಯಿ ಒಲ್ಲೆ ಅಂತೈತಿ” ಎಂದು ಆಯಿ ಹೇಳಿಬಿಟ್ಟಿದ್ದಳು. ಅದು ಮನೆಯ ಕಾನೂನು. ನಾನು ಕೈ ಬೆನ್ನಿಗೆ ಕಟ್ಟಿಕೊಂಡು, ಬಗ್ಗಿ, ಉಸಿರನ್ನೂ ತಾಕಿಸದಂತೆ ನೋಡುತ್ತಿದ್ದೆ. ಆಮೇಲೆ ಮಳೆ ಹಿಡಿಯಿತು. ನಮ್ಮ ಕಡೆ ಅಂಥ ಮಳೆ ಬೀಳುವುದಿಲ್ಲ. ಬಿದ್ದರೂ ಹೊಡೆದು ಹೋಗುತ್ತದೆ. ಆ ಸಲ ಅದು ಬೀಗರ ಹಾಗೆ ಬಂದು ಕುಳಿತುಬಿಟ್ಟಿತು. ಗಾಳಿಗೆ ದನದ ಕೊಟ್ಟಿಗೆಯ ತಗಡು ಹಾರಿತು. ಹೊಳೆ ಏರುತ್ತಿದೆ ಎಂದು ಕೇಳಿ ಅಜ್ಜ ಎತ್ತುಗಳನ್ನು ಬಿಚ್ಚಿಕೊಂಡು, ಊರ ಮೇಲಿನ ದಿಬ್ಬದಲ್ಲಿದ್ದ ಶಾಲೆಗೆ ಹೊಡೆದುಕೊಂಡು ಹೋದ. “ಇವನ್ನ ಕಟ್ಟಿ ಬಂದು ನಿಮ್ಮನ್ನ ಕರಕೊಂಡ ಹೋಗತೇನಿ” ಎಂದು ಹೋದವನು ಹಿಂದಿರುಗಲು ನೋಡುವಷ್ಟರಲ್ಲಿ ನಡುವಿನ ಹಳ್ಳ ತುಂಬಿ ದಾರಿ ಕಡಿದಿತ್ತು. ಮನೆಯಲ್ಲಿ ಉಳಿದವರು ಆಯಿ, ಅತ್ತಿ, ನಾನು.

ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎನ್ನುವ ಮಾತು ನಿಮಗೆ ಗೊತ್ತಿದ್ದೇ ಇರುತ್ತದೆ. ಹೆತ್ತ ಮೇಲೆ ಒಂದು ಕಡೆ ನಿಲ್ಲದೆ, ಮರಿಗಳ ಕುತ್ತಿಗೆ ಕಚ್ಚಿಕೊಂಡು ಮನೆಯಿಂದ ಮನೆಗೆ ಸಾಗಿಸುತ್ತದಂತೆ. ಚಂದ್ರಿಗೂ ಆ ಹೊತ್ತು ಬಂದಿತ್ತು. ಒಂದು ಮರಿಯನ್ನು ಕಚ್ಚಿಕೊಂಡು ಪಡಸಾಲೆಗೆ ಹೋಯಿತು. ಹೊಸ್ತಿಲಲ್ಲಿ ನೀರು. ಕಾಲು ಚಾಚಿ, ಝಾಡಿಸಿ, ಹಿಂದೆ ಬಂತು. ಹಿತ್ತಿಲ ಬಾಗಿಲಿಗೆ ಹೋಯಿತು. ಅಲ್ಲೂ ನೀರು. ಅಡುಗೆಮನೆಯ ಕಿಟಕಿಗೆ ಹಾರಿ, ಆಚೆ ನೋಡಿ, ಇಳಿಯಿತು. ಮತ್ತೆ ಪಡಸಾಲೆ. ಹೀಗೆ ಬಾಯಲ್ಲಿ ಮರಿ ಹಿಡಿದು, ಒಂದು ಸದ್ದೂ ಮಾಡದೆ, ಅದು ಇಡೀ ಮನೆ ತಿರುಗುತ್ತಿತ್ತು. ಮರಿ ಲೋಲಕದಂತೆ ತೂಗುತ್ತಿತ್ತು. ಆ ಸದ್ದಿಲ್ಲದ ತಿರುಗಾಟ ನನಗೆ ಮಳೆಯ ಗದ್ದಲಕ್ಕಿಂತ ಟೆರಿಬಲ್ ಅನ್ನಿಸಿತು. ಅತ್ತಿ ಕಂಬಕ್ಕೆ ಒರಗಿ ಕುಳಿತು ನೋಡುತ್ತಿದ್ದಳು. “ಏಳ ಮನಿ ಎಲ್ಲಿಂದ ತರತಿ ಚಂದ್ರಿ? ನನಗ ಎರಡ ಸಿಕ್ಕಿದ್ದು” ಎಂದಳು. ಆಯಿ ಒಲೆಯ ಮುಂದಿನಿಂದ, “ಬಾಯಿ ಮುಚ್ಚ ನೀಲಾ, ಹುಡುಗಿ ಕೇಳಾಕತ್ತೈತಿ” ಎಂದು ಗದರಿದಳು. ಹುಡುಗಿಗೆ ಅರ್ಥವಾಗಲಿಲ್ಲ. ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ನೀರು ನಡುಮನೆಗೆ ಬಂದಾಗ ನಾವು ಏಣಿ ಹಚ್ಚಿ ಮಾಳಿಗೆ ಹತ್ತಿದೆವು. ಅತ್ತಿ ಹೆಡಿಗೆಯನ್ನು ಮರಿಗಳ ಸಮೇತ ತಲೆಯ ಮೇಲಿಟ್ಟುಕೊಂಡು ಹತ್ತಿದಳು. ಹೆಡಿಗೆ ಮುಟ್ಟಿದರೆ ಮರಿ ಮುಟ್ಟಿದಂತಲ್ಲ ಎಂದು ಆಯಿಯೇ ತೀರ್ಪು ಕೊಟ್ಟಳು. ಅಟ್ಟದ ಮೇಲಿದ್ದ ಬಂಡಿಯ ತಾಡಪತ್ರಿ, ಖಾಲಿ ಮೆಣಸಿನಕಾಯಿ ಚೀಲ, ಒಂದು ಡಬ್ಬಿ ಅವಲಕ್ಕಿ ಮೇಲೆ ಬಂದವು. ತಾಡಪತ್ರಿಯ ಕೆಳಗೆ ನಾವು ಮೂವರು, ಚಂದ್ರಿ, ಅದರ ಸಂಸಾರ. ಎದುರಿನ ಮೂಲೆಗೆ ಇಲಿಗಳ ಒಂದು ಹಿಂಡು ಬಂದು ಒದ್ದೆಯಾಗಿ ಕುಳಿತಿತ್ತು. ಚಂದ್ರಿ ಅವುಗಳ ಕಡೆ ನೋಡಲೂ ಇಲ್ಲ. ಅವೂ ಓಡಲಿಲ್ಲ. “ಇವತ್ತ ಕೆಲಸಕ್ಕ ಸೂಟಿ ಇಬ್ಬರಿಗೂ” ಎಂದಳು ಆಯಿ. ಅಂಥ ಹೊತ್ತಿನಲ್ಲೂ ಅವಳಿಗೆ ಮಾತು ಬತ್ತುತ್ತಿರಲಿಲ್ಲ. ಸುತ್ತಲೂ ಕಂದು ನೀರು. ಪಕ್ಕದ ಮನೆಯ ಗೋಡೆ ಒಮ್ಮೆ ನಿಟ್ಟುಸಿರಿನಂಥ ಸದ್ದು ಮಾಡಿ ಕುಳಿತುಕೊಂಡಿತು. ಆ ಮನೆಯವರು ಮೊದಲೇ ಹೋಗಿದ್ದರು. ನಮ್ಮ ಗೋಡೆಯೂ ಮಣ್ಣಿನದೇ ಎಂದು ನಾವು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆಮೇಲೆ ಕಾಲು ಎತ್ತಿಡುವಾಗಲೆಲ್ಲ ಮೆಲ್ಲಗೆ ಎತ್ತಿಟ್ಟೆವು.

ಮಾರನೆಯ ದಿನ ಅಂಬಿಗರ ಹನುಮಪ್ಪ ಹರಗೋಲು ತಿರುಗಿಸುತ್ತ ಬಂದ. ಅಜ್ಜನೇ ಕಳಿಸಿದ್ದ. ಬಿದಿರಿನ ಬುಟ್ಟಿಗೆ ಚರ್ಮ ಬಿಗಿದ ಗುಂಡನೆಯ ದೋಣಿ ಅದು. ಬೇಸಿಗೆಯಲ್ಲಿ ಅದರಲ್ಲಿ ಕುಳಿತು ಗಿರಗಿರ ತಿರುಗಿಸಿಕೊಳ್ಳುವುದು ನನ್ನ ದೊಡ್ಡ ಮೋಜಾಗಿತ್ತು. ಹನುಮಪ್ಪ ಕೋಲು ಊರಿ ನಿಂತು, “ಲಗೂ ಇಳೀರಿ ಅವ್ವಾರ, ಗ್ವಾಡಿ ಬಾಯಿ ಬಿಟ್ಟೈತಿ” ಎಂದ. ಅತ್ತಿಯ ಹೆಡಿಗೆ ನೋಡಿ ಅವನ ಮುಖ ಬದಲಾಯಿತು.

“ಬೆಕ್ಕ ಬ್ಯಾಡ್ರಿ ಅಕ್ಕಾರ. ಅಂಜಿ ಉಗರ ಹಾಕಿದ್ರ ಚರ್ಮ ಹರೀತೈತಿ. ಎಲ್ಲಾರೂ ಹೊಳಿ ಪಾಲ.”

“ಹಂಗಾರ ಯವ್ವನ್ನ, ಹುಡುಗೀನ ಕರಕೊಂಡ ಹೋಗು” ಎಂದು ಅತ್ತಿ ಅಲ್ಲೇ ಕುಳಿತಳು.

ನಾನು ಅಳುತ್ತ, ನಮ್ಮ ಸಿಸ್ಟರ್ ಹೇಳಿದ ಕತೆಯಲ್ಲಿ ಒಬ್ಬ ಮುದುಕ ಪ್ರಪಂಚದ ಪ್ರಾಣಿಗಳನ್ನೆಲ್ಲ ದೋಣಿಯಲ್ಲಿ ಹತ್ತಿಸಿಕೊಂಡ ಎಂದು ಹನುಮಪ್ಪನಿಗೆ ಹೇಳಿದೆ. “ಅವಂದು ಕಟಗೀದ ಇರಬೇಕ ತಂಗಿ. ನಂದು ಚರ್ಮದ್ದು” ಎಂದ ಅವನು. ಆಯಿ ಮಗಳನ್ನು ಬೈದಳು, ಬೇಡಿದಳು, ಕೈ ಹಿಡಿದು ಎಳೆದಳು. ಅತ್ತಿ ಏಳಲಿಲ್ಲ. ಜನ್ಮದಲ್ಲಿ ಯಾವುದಕ್ಕೂ ಒಲ್ಲೆ ಎನ್ನದವಳು ಒಂದು ಬೆಕ್ಕಿಗೋಸ್ಕರ ಬಿರುಕು ಬಿಟ್ಟ ಮಾಳಿಗೆಯ ಮೇಲೆ ಗಟ್ಟಿಯಾಗಿ ಕುಳಿತಿದ್ದಳು. ಕೊನೆಗೆ ಹನುಮಪ್ಪನೇ ಸೋತು, “ಚೀಲದಾಗ ಹಾಕಿ ಬಾಯಿ ಕಟ್ರಿ. ಮರೀದೇನ, ಉಡ್ಯಾಗ ಕಟಗೋರಿ. ಹೆಡಿಗಿಗೆ ಜಾಗಾ ಇಲ್ಲ” ಎಂದ.

ಇದ್ದದ್ದು ಮೆಣಸಿನಕಾಯಿ ಚೀಲ ಮಾತ್ರ. ಅದರ ತುಂಬ ಹೋದ ಸುಗ್ಗಿಯ ಪುಡಿ, ಬೀಜ. ಅತ್ತಿ ಅನುಮಾನಿಸಿದಳು. “ತೊಯ್ದೈತಲ್ಲ, ಇನ್ನೇನು ಘಾಟ ಬರತೈತಿ?” ಎಂದಳು ಆಯಿ. ಅವಳ ಮಾತಿಗೆ ಒಂದು ಜನ್ಮದ ಅನುಭವವಿತ್ತು. ಬ್ಯಾಡಗಿ ಪೇಟೆಗೆ ಕಳಿಸುವ ಮೊದಲು ನಮ್ಮಲ್ಲಿ ಮೆಣಸಿನಕಾಯಿಗೆ ನೀರು ಚಿಮುಕಿಸಿಯೇ ಚೀಲ ತುಂಬುತ್ತಿದ್ದರು. ಕಾಯಿ ಮುರಿಯುವುದಿಲ್ಲ, ಘಾಟೂ ಏಳುವುದಿಲ್ಲ. ಮನುಷ್ಯರ ಮೂಗಿನ ಮಟ್ಟಿಗೆ ಅದು ಖರೇ. ನೆನೆದ ಖಾರ ಮೇಲೇಳುವುದಿಲ್ಲ, ಮೈಗೆ ಹತ್ತಿಕೊಳ್ಳುತ್ತದೆ. ಮೈಗೆ ಹತ್ತಿದ್ದನ್ನು ಬೆಕ್ಕು ನೆಕ್ಕಿಕೊಳ್ಳುತ್ತದೆ ಎಂಬುದು ನಮ್ಮ ಯಾರಿಗೂ ಹೊಳೆಯಲಿಲ್ಲ. ಅತ್ತಿ ಚಂದ್ರಿಯನ್ನು ಮುದ್ದಿಸಿ ಚೀಲಕ್ಕೆ ಇಳಿಸಿದಳು. ಆಮೇಲೆ ಮರಿಗಳಿಗೆ ಕೈ ಹಾಕಿದಳು. “ಮುಟ್ಟಬ್ಯಾಡ” ಎಂದು ರೂಢಿಯ ಬಲದಿಂದ ಆಯಿಯ ಬಾಯಿಗೆ ಬಂತು. “ಹೊಳೀನ ಮುಟ್ಟಾಕ ಬಂದೈತಿ ಯವ್ವಾ” ಎಂದಳು ಅತ್ತಿ. ಮೂರನ್ನೂ ಸೆರಗಿಗೆ ಹಾಕಿ ಸೊಂಟಕ್ಕೆ ಬಿಗಿದು ಹರಗೋಲಿಗೆ ಇಳಿದಳು.

ಓಣಿ ದಾಟುವವರೆಗೆ ಚೀಲ ಸುಮ್ಮನಿತ್ತು. ಬಯಲ ನೀರಿಗೆ ಬಂದ ಮೇಲೆ ಒಂದು ಸೀನು ಕೇಳಿಸಿತು. ನನಗೆ ನಗು ಬಂತು. ಮತ್ತೊಂದು ಸೀನು. ಆಮೇಲೆ ಒಂದು ಕೂಗು. ಮಗುವಿನದೇ ಎನ್ನಬೇಕು, ಹಾಗೆ. ಚೀಲ ಎದ್ದು ಬಿದ್ದು ಹರಗೋಲಿನ ಗೋಡೆಗೆ ಬಡಿಯತೊಡಗಿತು. ಹರಗೋಲು ತನ್ನಷ್ಟಕ್ಕೆ ತಿರುಗಿತು. ಚೀಲದ ಬಾಯಿ ಹಿಡಿದಿದ್ದ ಆಯಿಯ ಕೈಯಲ್ಲಿ ರಕ್ತ. “ಒಗೀರಿ ಅತ್ತಾಗ, ಇಲ್ಲಾ ಬಿಚ್ಚರಿ” ಎಂದು ಹನುಮಪ್ಪ ಕೂಗಿದ. ಅತ್ತಿ ಒಂದು ಕೈಯಿಂದ ಉಡಿ ಅವುಚಿಕೊಂಡು ಇನ್ನೊಂದು ಕೈಯಿಂದ ಗಂಟು ಎಳೆದಳು. ಚಂದ್ರಿ ಹೊರಬಂತು. ಕಣ್ಣು ತೆರೆಯಲಾಗುತ್ತಿರಲಿಲ್ಲ, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಅತ್ತಿ “ಬಾ” ಎಂದು ಕೈ ಚಾಚಿದಳು. ಅದು ಆ ಕೈಯನ್ನು ಏನೆಂದುಕೊಂಡಿತೋ. ನೀರಿನಿಂದ ಎದ್ದು ನಿಂತಿದ್ದ ಹುಣಸೆಮರದ ತಲೆ ಅದೇ ಹೊತ್ತಿಗೆ ಪಕ್ಕಕ್ಕೆ ಬಂದಿತ್ತು. ಒಂದೇ ನೆಗೆತ. ಟೊಂಗೆ ಬಗ್ಗಿತು, ಎದ್ದಿತು. ಸೆಳವು ನಮ್ಮನ್ನು ಮುಂದಕ್ಕೆ ಒಯ್ದುಬಿಟ್ಟಿತು. ಉಡಿಯೊಳಗಿಂದ ಮರಿಗಳು ಕೀಚಲು ಧ್ವನಿಯಲ್ಲಿ ಕರೆದವು. ಮರದಿಂದ ಅದು ಕರೆಯಿತು. ಬೆಕ್ಕು ಕಾಣದಾದ ಮೇಲೂ ಆ ಕರೆ ನೀರಿನ ಮೇಲೆ ಬರುತ್ತಿತ್ತು. “ನೀರ ಇಳದಕೂಡಲೆ ನಾ ತರತೇನ್ರಿ” ಎಂದ ಹನುಮಪ್ಪ. ಅತ್ತಿ ತಿರುಗಿ ಕುಳಿತವಳು ದಡ ಸೇರುವ ತನಕ ಮುಖ ಈಚೆ ಮಾಡಲಿಲ್ಲ.

ಶಾಲೆಯ ಕೋಣೆಯಲ್ಲಿ ಊರೇ ಇತ್ತು. ಹೊಗೆ, ಒದ್ದೆ ಕಂಬಳಿ, ಕೂಸುಗಳ ಅಳು. ಅತ್ತಿ ಗೋಡೆಗೆ ಮುಖ ಮಾಡಿ ಕುಳಿತು, ಬಟ್ಟೆಯ ಬತ್ತಿ ಮಾಡಿ ಆಡಿನ ಹಾಲಿನಲ್ಲಿ ಅದ್ದಿ ಮರಿಗಳಿಗೆ ಚೀಪಿಸುತ್ತಿದ್ದಳು. ಮೊದಮೊದಲು ಹೆಂಗಸರು ನಕ್ಕರು. “ನೀಲಮ್ಮ ಬಾಣಂತಿ ಆಗ್ಯಾಳ” ಎಂದಳು ಒಬ್ಬಳು. ಅತ್ತಿ, “ಹೂಂ, ಹಡಿಯೂದೊಂದ ಬಾಕಿ ಇತ್ತು” ಎಂದಳು. ಆಮೇಲೆ ಆ ಹೆಂಗಸೇ ತನ್ನ ಆಡಿನ ಹಾಲು ತಂದುಕೊಡತೊಡಗಿದಳು. ಒಂದು ಮರಿ ಅಲ್ಲೇ ಹೋಯಿತು. ಉಳಿದೆರಡು ಅತ್ತಿಯ ಉಡಿಯೊಳಗೇ ಕಣ್ಣು ತೆರೆದವು. ನೀರು ಇಳಿದ ದಿನ ಅವಳು ಯಾರನ್ನೂ ಕೇಳದೆ, ಮಟಮಟ ಮಧ್ಯಾಹ್ನ, ಎಲ್ಲರ ಎದುರಿಗೇ, ಮೊಣಕಾಲುದ್ದದ ಕೆಸರಿನಲ್ಲಿ ಹುಣಸೆಮರದವರೆಗೆ ನಡೆದುಹೋದಳು. ಮರದಲ್ಲಿ ಏನೂ ಇರಲಿಲ್ಲ. ಹೊಳೆಯ ಕೆಳಗಿನ ಊರು ಮೇಡ್ಲೇರಿಯ ದಂಡೆಗೆ ಹರಿದ ಕಿವಿಯ ಒಂದು ಬೆಕ್ಕು ಬಂದು ಹತ್ತಿದೆಯಂತೆ ಎಂದು ಯಾರೋ ಹೇಳಿದರು. ಹನುಮಪ್ಪ ಹೋಗಿ ನೋಡಿ ಬಂದ. ಅದು ಬೇರೆ ಬೆಕ್ಕು. ಅತ್ತಿ ಕೇಳಿಸಿಕೊಂಡು, “ಅದೂ ಯಾರದೋ ಇರಬೇಕು” ಎಂದಳು, ಅಷ್ಟೇ.

ನಮ್ಮ ಮನೆ ಉಳಿಯಲಿಲ್ಲ. ನಾವು ಹೋಗಿ ನೋಡಿದಾಗ ಬೆಳಕಿಂಡಿಯಿದ್ದ ಕಡೆ ಬರೀ ಆಕಾಶ. ಕಂಬಗಳು ಮಣ್ಣಿನ ದಿಬ್ಬದಿಂದ ಅಡ್ಡಾದಿಡ್ಡಿ ಎದ್ದು ನಿಂತಿದ್ದವು. ಎಲ್ಲರೂ ರಾಣೇಬೆನ್ನೂರಿಗೆ ಅಪ್ಪನ ಮನೆಗೇ ಹೋಗುವುದೆಂದಾಯಿತು. ಅಜ್ಜ ಶಾಲೆಯ ಮುಂದೆ ಬಂಡಿ ಹೂಡಿದ. ನಮ್ಮಲ್ಲಿ ಹೆಣ್ಣುಮಕ್ಕಳು ತವರಿನಿಂದ ಹೊರಡುವಾಗ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಉಡಿ ತುಂಬಿ ಕಳಿಸುತ್ತಾರೆ. ಗಂಡ ಸತ್ತವಳಿಗೆ ಅದು ಇಲ್ಲ. ಮೋಟೆಬೆನ್ನೂರಿನಿಂದ ಬಂದ ಮೇಲೆ ಅತ್ತಿಯ ಸೆರಗಿಗೆ ಯಾರೂ ಒಂದು ಕಾಳು ಹಾಕಿರಲಿಲ್ಲ. ಆಯಿ ಅಂತೂ ಇಂಥದರಲ್ಲಿ ಬಹಳ ಸ್ಟ್ರಿಕ್ಟ್. ಆ ದಿನ ಅವಳು ಯಾರದೋ ಮೊರದಿಂದ ಅಕ್ಕಿ ತೆಗೆದು ಮೊದಲು ನನ್ನ ಫ್ರಾಕಿನ ಅಂಚಿಗೆ ಹಾಕಿದಳು. ಇನ್ನೊಂದು ಮುಷ್ಟಿ ತೆಗೆದುಕೊಂಡು ಮಗಳ ಮುಂದೆ ಹೋಗಿ ನಿಂತಳು. ಸುತ್ತ ಇದ್ದ ಹೆಂಗಸರು ಅತ್ತ ತಿರುಗಿದರು.

“ಸೆರಗ ಒಡ್ಡ, ನೀಲಾ” ಎಂದಳು ಆಯಿ.

ಅತ್ತಿ ಆಯಿಯ ಕೈ ನೋಡಿದಳು. ಆಮೇಲೆ ತನ್ನ ಉಡಿಯನ್ನು ನೋಡಿಕೊಂಡಳು. ಸಿಟ್ಟಿನ ಎಳೆಯೂ ಇಲ್ಲದ ದನಿಯಲ್ಲಿ, “ಜಾಗಾ ಇಲ್ಲ ಯವ್ವಾ. ಈಗರೆ ಮಲಗ್ಯಾವು” ಎಂದಳು.

ಅಜ್ಜ ಲಗೂ ಹತ್ತಿರಿ ಎಂದ. ಅತ್ತಿ ಒಂದು ಕೈಯಿಂದ ಉಡಿ ಹಿಡಿದುಕೊಂಡು ಬಂಡಿ ಹತ್ತಿದಳು. ಆಯಿ ಅವಳ ಪಕ್ಕದಲ್ಲಿ ಕುಳಿತಳು. ರಾಣೇಬೆನ್ನೂರಿನಲ್ಲಿ ಬಂಡಿ ನಿಂತಾಗ, ಕೈ ಹಿಡಿದು ಇಳಿಸಲೆಂದು ನಮ್ಮಮ್ಮ ಆಯಿಯ ಮುಷ್ಟಿಯನ್ನು ಬಿಡಿಸಬೇಕಾಯಿತು. ಅಕ್ಕಿ ಬೆವರಿಗೆ ನೆನೆದು ಅಂಗೈಗೆ ಅಂಟಿಕೊಂಡಿತ್ತು.