ರೊಟ್ಟಿಯ ಮೇಲಿನ ಕೂದಲು

ನಮ್ಮ ಅತ್ತೆಗೆ ರೊಟ್ಟಿಯ ಮೇಲೆ ಕೂದಲು ಕಾಣಿಸತೊಡಗಿದ್ದು ಕಳೆದ ವರ್ಷ, ಅದೂ ಮದುವೆಗಳು ಮುಗಿಬಿದ್ದಿದ್ದ ತಿಂಗಳಲ್ಲೇ. ಬೈಲಹೊಂಗಲದ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ, ಮದುವೆಮನೆಗಳಿಗೆ ಕೊಡುವುದು ಕಸುಬು. ಬಡಿಯುವವಳು ನಾನು. ಆರಿದ ರೊಟ್ಟಿಯನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ಒಟ್ಟುವವರು ಅತ್ತೆ. ಅವರ ಕೈ ದಾಟದೆ ರೊಟ್ಟಿ ಹೊಸ್ತಿಲು ದಾಟುವಂತಿಲ್ಲ.

ಮೊದಲ ದಿನ ರೊಟ್ಟಿ ತಿರುವಿ ನೋಡಿದೆ, ಏನೂ ಇರಲಿಲ್ಲ. ಬಿದ್ದುಹೋಗಿರಬೇಕು ಎಂದರು. ಮರುದಿನ ಮತ್ತೆ ಅದೇ ರಾಗ. ಸೆರಗು ಬಿಗಿದೆ, ಅದರ ಮೇಲೆ ಗಂಡನ ಟವೆಲ್ ಸುತ್ತಿದೆ, ಒಲೆಯ ಕಾವಿಗೆ ತಲೆ ಸುಟ್ಟ ಬದನೆಕಾಯಿ ಆಯಿತು. ಆದರೂ ಕೂದಲು. ಅದೂ ಎಂಥಾ ಕೂದಲು! ಹಿಡಿಯಲು ಹೋದರೆ ಜಾರಿಕೊಳ್ಳುತ್ತದಂತೆ. ಜಾರಿಕೊಳ್ಳುವ ಕೂದಲನ್ನು ನಾನು ಎಲ್ಲಿಂದ ತರಲಿ?

ಅಷ್ಟಕ್ಕೇ ಬಿಟ್ಟಿದ್ದರೆ ನುಂಗಿಕೊಳ್ಳುತ್ತಿದ್ದೆ. ಓಣಿಯ ಹೆಂಗಸರು ಕಟ್ಟೆಗೆ ಬಂದು ಕೂತಾಗ, ಸೊಸೆಯ ಕೂದಲು ಸಿಕ್ಕಾಪಟ್ಟೆ ಉದುರುತ್ತಿದೆ ಎಂದು ಅತ್ತೆ ಸಾರಿದರು. ಒಬ್ಬಾಕೆ ದಾಸವಾಳದ ಎಣ್ಣೆ ಹಚ್ಚು ಎಂದಳು, ಇನ್ನೊಬ್ಬಾಕೆ ಸವದತ್ತಿಯ ಗುಡ್ಡಕ್ಕೆ ಹರಕೆ ಹೊತ್ತುಕೋ ಎಂದಳು. ಮುಂದಿನ ವಾರ ದೊಡವಾಡದ ಮದುವೆಯವರು ರೊಟ್ಟಿ ಬೇರೆ ಕಡೆ ಹೇಳಿದರು. ಕಾರಣ ಹೇಳಲಿಲ್ಲ, ಹೇಳಬೇಕೇ? ರೊಟ್ಟಿಯಲ್ಲಿ ಕೂದಲು ಎಂಬ ಹೆಸರು ಒಮ್ಮೆ ಅಂಟಿತೆಂದರೆ ಈ ಕಸುಬಿನಲ್ಲಿ ಮುಗಿಯಿತು. ಕೂದಲು ಸೊಸೆಯದಲ್ಲ ಎಂದು ಅತ್ತೆ ಅದೇ ಕಟ್ಟೆಯ ಮೇಲೆ ಒಂದು ಮಾತು ಹೇಳಬೇಕು, ನನಗೆ ಬೇಕಾಗಿದ್ದು ಅಷ್ಟೇ.

ಒಂದು ದಿನ ನೆಂಟರ ಮನೆಗೆಂದು ಕಿತ್ತೂರಿನ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಕೂತ ಅತ್ತೆ ಮುಖದ ಮುಂದೆ ಕೈ ಬೀಸಿದರು, ಮತ್ತೆ ಬೀಸಿದರು.

"ನಿನ್ ಕೂದ್ಲಾ ಬಸ್ಸಿನ್ಯಾಗೂ ಬಂತ್ ನೋಡವಾ."

"ಎಲ್ಲಿ ಐತ್ರಿ ಅತ್ತಿ?"

"ಅಲ್ಲೇ, ಮುಗಿಲಾಗ."

ಮುಗಿಲಿನಲ್ಲಿ ನನ್ನ ಕೂದಲು! ಸಿಟ್ಟು ನೆತ್ತಿಗೇರಿತು. ಮರುಗಳಿಗೆಗೆ, ಅವರ ಕಣ್ಣಿಗೇ ಏನೋ ಆಗಿದೆ ಎಂದು ಹೊಳೆಯಿತು. ಮರುದಿನವೇ ಧಾರವಾಡದ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ.

ಅವರು ಕಣ್ಣಿಗೆ ಹನಿ ಹಾಕಿ, ಬಹಳ ಹೊತ್ತು ನೋಡಿ, ಸಮಾಧಾನದಿಂದ ಹೇಳಿದರು. ಕಣ್ಣಿನ ಗುಡ್ಡೆಯ ಒಳಗೆ ತಿಳಿಯಾದ ಲೋಳೆ ತುಂಬಿರುತ್ತದಂತೆ. ಅದರಲ್ಲಿ ಪ್ರೋಟೀನಿನ ಸಣ್ಣ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳದೆ ಹರಡಿಕೊಂಡಿರುವುದರಿಂದ ಬೆಳಕು ಸರಾಗ ದಾಟುತ್ತದೆ. ವಯಸ್ಸಾದಂತೆ ಲೋಳೆ ನೀರಾಗಿ, ಎಳೆಗಳು ಕ್ರಮ ತಪ್ಪಿ ಸಿಕ್ಕುಗಟ್ಟುತ್ತವೆ. ಆ ಸಿಕ್ಕಿನ ನೆರಳೇ ಕೂದಲಿನ ಹಾಗೆ ತೇಲುವುದು. ಬಿಳಿಯ ವಸ್ತು ನೋಡುವಾಗ ಹೆಚ್ಚು ಕಾಣುತ್ತದೆ. ಹೌದಲ್ಲ, ದಿನವಿಡೀ ರೊಟ್ಟಿ ನೋಡುವವರಿಗೆ ಇನ್ನೇನು ಕಂಡೀತು! ಔಷಧ ಬೇಕಿಲ್ಲ, ರೂಢಿಯಾಗುತ್ತದೆ, ಆದರೆ ಮಿಂಚು ಹೊಡೆದಂತಾದರೆ, ಪರದೆ ಎಳೆದಂತಾದರೆ ತಡಮಾಡದೆ ಬರಬೇಕು ಎಂದರು.

ಅತ್ತೆ ಊರಿಗೆ ಬಂದವರೇ ಕಟ್ಟೆಯ ಮೇಲೆ ಎಲ್ಲ ಹೇಳಿದರು. ಹನಿ ಉರಿದದ್ದು, ಗದ್ದ ಇಟ್ಟು ಕೂರಿಸಿದ ಯಂತ್ರ, ಲೋಳೆ, ಎಳೆ, ಸಿಕ್ಕು. ಕೂದಲು ಸೊಸೆಯದಲ್ಲ ಎಂಬ ಮಾತೊಂದು ಬಿಟ್ಟು. ಈಗ ರೊಟ್ಟಿಯಲ್ಲಿ ಏನು ಕಂಡರೂ ಅದು ಕಣ್ಣಿನೊಳಗಿನದು ಎಂದು ಹಾಗೇ ಒಟ್ಟತೊಡಗಿದರು. ನೋಡುವ ಕೆಲಸವೂ ನನ್ನ ಕೊರಳಿಗೆ ಬಿತ್ತು.

ಮೊನ್ನೆ ಸಂಪಗಾಂವಕ್ಕೆ ಹೋಗಬೇಕಿದ್ದ ರೊಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಒಂದರಲ್ಲಿ ಕೂದಲಿತ್ತು. ನಿಜವಾದ ಕೂದಲು, ಉದ್ದನೆಯದು, ಬೆಳ್ಳಗಿನದು. ನಮ್ಮ ಮನೆಯಲ್ಲಿ ತಲೆ ಬೆಳ್ಳಗಾಗಿರುವುದು ಅತ್ತೆಯೊಬ್ಬರದೇ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಬಂತು ಎಂದುಕೊಂಡು ಅದನ್ನು ಬೆರಳಲ್ಲಿ ಹಿಡಿದು ಕಟ್ಟೆಗೆ ಬಂದೆ. ಓಣಿಯ ಹೆಂಗಸರೆಲ್ಲ ಅಲ್ಲೇ ಇದ್ದರು.

"ರೊಟ್ಯಾಗ ಸಿಕ್ತು. ಇದು ಯಾರ್ ಕೂದ್ಲಾ ನೋಡ್ರಿ ಅತ್ತಿ."

ಅತ್ತೆ ಕೂದಲಿನ ಕಡೆ ನೋಡಲೇ ಇಲ್ಲ. ನನ್ನ ಮುಖ ಬಗ್ಗಿಸಿ, ಹೆಬ್ಬೆರಳಿನಿಂದ ನನ್ನ ಕಣ್ಣಿನ ರೆಪ್ಪೆ ಎತ್ತಿದರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು.

"ಇಷ್ಟ್ ಸಣ್ಣ ವಯಸ್ಸಿನ್ಯಾಗ ನಿನಗೂ ಸುರು ಆತೇನವಾ?"